ಚರಗದ ತಂಬಿಗೆ

ಆ ಗಿಡಗಳಿಗೆ ನನಗಿಂತ ಒಳ್ಳೆಯ ಕೋಣೆ ಕೊಟ್ಟಿದ್ದರು. ಮೊದಲು ಅದನ್ನು ಹೇಳಿಬಿಡುತ್ತೇನೆ. ಉಳಿದದ್ದು ಆಮೇಲೆ.

ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಸಾಲುಮನೆ. ಒಂದರ ಗೋಡೆಗೆ ಇನ್ನೊಂದು ಆತುಕೊಂಡ ಇಟ್ಟಿಗೆ ಮನೆಗಳು. ನೆತ್ತಿಯ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಹೀಥ್ರೂಗೆ ಇಳಿಯುತ್ತಿದ್ದವು. ಮೇಲಿನ ಎರಡು ಕೋಣೆ ಗಿಡಗಳಿಗೆ. ಅವಕ್ಕೆ ಹೀಟರು, ಫ್ಯಾನು, ಕಣ್ಣು ಕುಕ್ಕುವ ದೀಪ. ಕೆಳಗೆ ಅಡುಗೆಮನೆಯ ಹಿಂದಿನ ಕೋಣೆ ನನಗೆ. ರೇಡಿಯೇಟರ್ ಇತ್ತು, ಬಿಸಿಯಾಗುತ್ತಿರಲಿಲ್ಲ. ಗೋಡೆ ಬೆವರಿ ಬೆವರಿ ಕರ್ರಗಾಗಿತ್ತು. ಕೋಟು ಹಾಕಿಕೊಂಡೇ ಮಲಗುತ್ತಿದ್ದೆ. ಗಿಡಕ್ಕೆ ಚಳಿ ಹತ್ತಿದರೆ ಮಹಾಲಿಂಗಪ್ಪ ಧಣಿಯವರಿಗೆ ನಿದ್ದೆ ಬರುತ್ತಿರಲಿಲ್ಲ. ನನಗೆ ಕೆಮ್ಮು ಹತ್ತಿದರೆ, "ಬಾಯಿಗೆ ಸೆರಗ ಹಿಡಕೊಂಡ ಕೆಮ್ಮು, ಬಾಜೂ ಮನಿಯವರಿಗೆ ಕೇಳತೈತಿ" ಎನ್ನುತ್ತಿದ್ದರು.

ಎಂಥ ಗಿಡ? ಗಾಂಜಾ. ನಮ್ಮ ಕಡೆ ಭಂಗಿ ಅನ್ನುತ್ತೇವೆ.

ನಾನು ನಾಗವ್ವ. ಸಿಂದಗಿ ಕಡೆಯವಳು, ಮಾದರ ಕೇರಿ. ಗಂಡ ಸತ್ತ ಮೇಲೆ ನರ್ಸಿನ ಕೋರ್ಸು ಓದಿದೆ, ವಿಜಯಪುರದ ಆಸ್ಪತ್ರೆಯಲ್ಲಿ ದುಡಿದೆ, ಇಂಗ್ಲಿಷ್ ಪರೀಕ್ಷೆಗೆ ಕಟ್ಟಿ ಎರಡನೇ ಸಲಕ್ಕೆ ಪಾಸಾದೆ. ಮಹಾಲಿಂಗಪ್ಪ ಧಣಿಯವರು ನಮ್ಮೂರ ಗೌಡರ ಮನೆಯ ಕಿರಿಯ ಮಗ. ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ ಮನೆ, ಮುದುಕರನ್ನು ನೋಡಿಕೊಳ್ಳುವ ಒಂದು ಕೇರ್ ಕಂಪನಿ. "ನಮ್ಮೂರ ಹೆಣಮಗಳು, ನಾವಲ್ಲದ ಯಾರ ಕೈ ಹಿಡೀಬೇಕು" ಅಂತ ವೀಸಾ ಮಾಡಿಸಿ ಕರೆಸಿಕೊಂಡರು. ಕೆಲವು ತಿಂಗಳು ಬಿಳಿ ಮುದುಕಿಯರ ಬೆನ್ನು ತೊಳೆದೆ, ಉಚ್ಚೆ ಬಳಿದೆ. ಅದು ಒಳ್ಳೆಯ ಕೆಲಸ. ಆ ಮುದುಕಿಯರು ನನ್ನ ಕೈ ಹಿಡಿದುಕೊಂಡು ಟೀವಿ ನೋಡುತ್ತಿದ್ದರು. ಆಮೇಲೆ ಸರಕಾರ ಆ ಕಂಪನಿಯ ಪರವಾನಗಿ ಕಿತ್ತುಕೊಂಡಿತು. ಕಂಪನಿಯ ಜೊತೆ ನನ್ನ ವೀಸಾ ಹೋಯಿತು. "ಹೊರಗ ಹೆಜ್ಜಿ ಇಟ್ಟರ ಪೊಲೀಸರು ಎತ್ತಿ ಒಗೀತಾರ. ಸುಮ್ನ ಈ ಮನ್ಯಾಗ ಇರು" ಎಂದು ಹೇಸ್‌ಗೆ ತಂದು ಬಿಟ್ಟರು. ಪಾಸ್‌ಪೋರ್ಟು "ಭದ್ರ ಇರಲಿ" ಅಂತ ಅವರ ಕಪಾಟಿನಲ್ಲಿ. ನನ್ನ ಮಗಳು ಸಂಘಮಿತ್ರಾ "ಓದಲಿ" ಅಂತ ಸಿಂದಗಿಯಲ್ಲಿ ಅವರ ಅಣ್ಣನ ಮನೆಯಲ್ಲಿ. ಓದುವುದೆಷ್ಟೋ, ಪಾತ್ರೆ ತಿಕ್ಕುವುದೆಷ್ಟೋ. ಹೀಗೆ ನನ್ನದೆಂಬುದೆಲ್ಲ ಅವರ ಹತ್ತಿರ ಇತ್ತು.

ಗಿಡ ಹೈಬ್ರಿಡ್. ಎರಡು ಜಾತಿ ಕೂಡಿಸಿ ಹುಟ್ಟಿಸಿದ್ದು. ಇಂಗ್ಲಿಷಿನಲ್ಲಿ ಎಂಥದೋ ಬೆರಿ ಎಂದು ಹೆಸರು. ಹೂವು ಬಿಟ್ಟಾಗ ಮನೆಯೆಲ್ಲ ಕಳಿತ ನೇರಳೆಹಣ್ಣಿನ ವಾಸನೆ. ನಾನು ನೇರಳೆ ಎಂದೇ ಕರೆಯುತ್ತಿದ್ದೆ.

"ಈ ದೇಶದ ಥಂಡಿಗೆ, ಈ ಹಸಿಗೆ ಇದ ಸೈ ನೋಡು," ಎಂದು ಧಣಿಯವರು ಗಿಡ ಸವರುತ್ತ ಹೇಳಿದ್ದರು. "ಎರಡ ಜಾತಿ ಕೂಡಿದ್ರ ಹಂಗ. ಗಟ್ಟಿ ಆಕ್ಕೈತಿ, ವಾಸನಿನೂ ಬರತೈತಿ."

ಇದೇ ಬಾಯಿ. ಹೋದ ವರ್ಷ ಇವರ ಮಗಳು ಸೃಷ್ಟಿ ಬೇರೆ ಜಾತಿಯ ಹುಡುಗನ ಹೆಸರೆತ್ತಿದಳು. ಅವಳ ಫೋನು ಕಿತ್ತು ಗೋಡೆಗೆ ಬೀಸಿದ ಕೈ ಇದೇ. "ರಕ್ತ ಕೆಡಸ್ತೀಯೇನ್ಲೇ?" ಎಂದು ಅರಚಿದ ಗಂಟಲೂ ಇದೇ. ಆಗಿನ್ನೂ ನಾನು ಅವರ ಮನೆಯ ನೆಲ ಒರೆಸಲು ಹೋಗುತ್ತಿದ್ದೆ, ಗಾಜಿನ ಚೂರು ಆರಿಸಿದವಳು ನಾನೇ. ಗಿಡದ ಜಾತಿ ಕೂಡಿದರೆ ಬೆಳೆ. ಮಕ್ಕಳ ಜಾತಿ ಕೂಡಿದರೆ ಕೊಳೆ. ಎಲಾ ಇವರ!

ಕೆಲಸ ಏನೆಂದು ಹೇಳಲಿ? ಮಣ್ಣಿನ ಚೀಲ ಬೆನ್ನಿಗೆ ಹಾಕಿಕೊಂಡು ಕಡಿದಾದ ಮೆಟ್ಟಿಲು ಹತ್ತುವುದು. ನೀರಿನ ಬಕೀಟು ಹತ್ತಿಸುವುದು, ಕೊಳೆ ನೀರು ಇಳಿಸುವುದು. ಬಾಗಿದ ಕೊಂಬೆಗೆ ದಾರ ಕಟ್ಟುವುದು, ಎಲೆ ಎಲೆಯನ್ನೂ ಮಗುವಿನ ಕಿವಿ ಒರೆಸಿದಂತೆ ಒರೆಸುವುದು. ಗಿಡದ ಅಂಟು ಬೆರಳಿಗೆ ಹತ್ತಿದರೆ ಸಾಬೂನಿಗೂ ಬಗ್ಗುತ್ತಿರಲಿಲ್ಲ. ರೊಟ್ಟಿ ಮುರಿದರೆ ರೊಟ್ಟಿಯೂ ಕಹಿ. ಕಿಟಕಿಗಳಿಗೆಲ್ಲ ಕರೀ ಹಾಳೆ ಜಡಿದಿದ್ದರು. ಹೊರಗೆ ಬಿಸಿಲು ಬಿದ್ದಿದೆಯೇ ಎಂಬುದೂ ಒಳಗಿದ್ದ ನನಗೆ ತಿಳಿಯುತ್ತಿರಲಿಲ್ಲ.

ಭಂಗಿ ಗಿಡ ನಮ್ಮ ಮನೆತನಕ್ಕೆ ಹೊಸದೇನಲ್ಲ. ನನ್ನ ಚಿಗಪ್ಪ ಅಮೃತಪ್ಪ ಇದೇ ಧಣಿಯ ತಂದೆಯ ಹೊಲದಲ್ಲಿ ಜೀತಕ್ಕಿದ್ದ. ತೊಗರಿ ಸಾಲಿನ ನಡುವೆ ದೊಡ್ಡ ಗೌಡರು ಭಂಗಿ ಹಾಕಿಸಿದ್ದರು. ಪೊಲೀಸರು ಬಂದ ದಿನ ಚಿಗಪ್ಪನ ಹೆಗಲ ಮೇಲೆ ಕೈ ಹಾಕಿ — ಜನ್ಮದಲ್ಲಿ ಅದೊಂದೇ ದಿನ ಕೈ ಹಾಕಿದ್ದು — "ನಂದು ಅನ್ನು, ಎಂಟ ದಿನದಾಗ ಬಿಡಿಸ್ಕೊಂಡ ಬರ್ತೀನಿ" ಅಂದರು. ಚಿಗಪ್ಪ ನಂದು ಅಂದ. ಒಂದು ಗೇಣು ನೆಲವನ್ನೂ ನಂದು ಅನ್ನದವನು ಅಷ್ಟು ದೊಡ್ಡ ಹೊಲದ ಭಂಗಿಯನ್ನೆಲ್ಲ ನಂದು ಅಂದ. ಜೈಲಿನಲ್ಲಿ ಕ್ಷಯ ಹತ್ತಿತು. ಹೆಣ ಬಂತು. ಗೌಡರ ಮನೆಯಿಂದ ಹೊದಿಸಲು ಒಂದು ಧೋತರ ಬಂತು. ಲೆಕ್ಕ ಚುಕ್ತಾ.

ಡಿಸೆಂಬರಿನಲ್ಲಿ ಎಳ್ಳಮಾಸಿ ಬಂತು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಎಳ್ಳಮಾಸಿಯೆಂದರೆ ಎಳ್ಳ ಅಮಾವಾಸ್ಯೆ. ಅವತ್ತು ಹೊಲದವರು ಹೊಲಕ್ಕೆ ಹೋಗಿ ಐದು ಕಲ್ಲು ನಿಲ್ಲಿಸಿ ಪಾಂಡವರೆಂದು ಪೂಜಿಸುತ್ತಾರೆ. ಬೆಳೆ ಬಸುರಿ, ಅವಳಿಗೆ ಬಯಕೆ ತೀರಿಸಬೇಕು. ಅದಕ್ಕೆ ಕಡುಬು, ಪಲ್ಯ, ಹೋಳಿಗೆ ಕಲಸಿ ಪೈರಿನ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ಒಬ್ಬರು ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗಿದರೆ ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತ "ಚಲ್ಲಾಂಬ್ರಿಗ್ಯೋ" ಎನ್ನುತ್ತಾರೆ. ಹೊಲ ಯಾರದೋ ಚರಗ ಅವರದು. ಬಿತ್ತಿದವರು, ಕಳೆ ಕಿತ್ತವರು, ಕೊಯ್ಯುವವರು ಬದುವಿನ ಆಚೆ. ನನ್ನ ಅವ್ವ ಬದುವಿನ ಆಚೆ ಸೆರಗೊಡ್ಡಿ ನಿಲ್ಲುತ್ತಿದ್ದಳು. ಗೌಡತಿ ಎತ್ತರದಿಂದ, ಕೈ ತಾಗದ ಹಾಗೆ, ಉಳಿದದ್ದನ್ನು ಅವಳ ಸೆರಗಿಗೆ ಬಿಡುತ್ತಿದ್ದಳು. ಹೋಳಿಗೆ ಸಿಹಿಯಾಗಿರುತ್ತಿತ್ತು. ಅದನ್ನು ತಿಂದದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಲಂಡನ್ನಿನಲ್ಲಿ ಎಳ್ಳಮಾಸಿ ಎಲ್ಲಿಂದ ಬರಬೇಕು ಅಂದುಕೊಂಡಿದ್ದೆ. ಬಂತು. ಧಣಿಯ ಹೆಂಡತಿ ಸುಶೀಲಾಬಾಯಿಯವರು ಇಳಕಲ್ ಸೀರೆಯ ಮೇಲೆ ಉದ್ದನೆಯ ಕೋಟು ಹಾಕಿಕೊಂಡು ಕಾರಿನಿಂದ ಇಳಿದರು. ಡಬ್ಬಿ ಡಬ್ಬಿ ಅಡುಗೆ. ಸಜ್ಜಿ ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ. ಒಂದು ಚೀಲದಲ್ಲಿ ಸುಣ್ಣ ಬಳಿದ ಐದು ಕಲ್ಲು. ಇನ್ನೊಂದರಲ್ಲಿ ತವರುಮನೆಯಿಂದ ಬಂದ ಹಿತ್ತಾಳೆ ತಂಬಿಗೆ. ಅದರ ಕೊರಳಿಗೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿತ್ತು. ಸೌ. ಸುಶೀಲಾಬಾಯಿ.

ಧಣಿಯವರು ಮುಂದೆ, ಅವರ ಹಿಂದೆ ಹೆಂಡತಿ ಮೆಟ್ಟಿಲು ಹತ್ತಿದರು. ನಾನು ಹಿಂದೆ ಹತ್ತಿದೆ. ಗಿಡದ ಕೋಣೆಯ ಬಾಗಿಲಲ್ಲಿ ಸುಶೀಲಾಬಾಯಿಯವರು ತಿರುಗಿ ನಿಂತರು.

"ಎಲ್ಲಿ ಬರ್ತಿ? ಅಲ್ಲೇ ನಿಂದ್ರು."

"ದೀಪ ಹಚ್ಚಬೇಕಾದ್ರ ಫ್ಯಾನ್ ಬಂದ್ ಮಾಡಬೇಕ್ರಿ ಅವ್ವಾರ. ಸ್ವಿಚ್ ಒಳಗ ಐತಿ."

"ಸಾಹೇಬ್ರು ಮಾಡ್ತಾರ. ಇವತ್ತ ಪೂಜಿ ಐತಿ, ನಿಂಗ ತಿಳಿಯಂಗಿಲ್ಲೇನು?"

"ದಿನಾ ಒಳಗ ಇರಾಕಿ ನಾನ ಅಲ್ರಿ?"

"ದಿನದ್ದು ಬ್ಯಾರೆ. ಇವತ್ತಿಂದು ಬ್ಯಾರೆ. ಹೊಸ್ತಿಲಾ ದಾಟಬ್ಯಾಡ."

ಐದು ಸಾವಿರ ಮೈಲಿ ಹಾರಿ ಬಂದು ನೋಡಿದರೆ ಬದು ನನಗಿಂತ ಮುಂಚೆ ವಿಮಾನ ಹತ್ತಿ ಬಂದು ಕೂತಿತ್ತು.

ಮೆಟ್ಟಿಲ ಮೇಲೆ ನಿಂತು ನೋಡಿದೆ. ಗಂಡ ಕೋಟಿನ ತೋಳು ಮಡಚಿ ಚರಗ ಚೆಲ್ಲುತ್ತಿದ್ದಾರೆ. ಹೆಂಡತಿ ನೀರು ಚಿಮುಕಿಸುತ್ತಿದ್ದಾರೆ. ಗೋಡೆಯಾಚೆ ಕೇಳಬಾರದಲ್ಲ, ಅದಕ್ಕೆ ಪಿಸುಗುಟ್ಟುತ್ತಿದ್ದರು. "ಹುಲ್ಲುಲ್ಲಿಗ್ಯೋ..." "ಚಲ್ಲಾಂಬ್ರಿಗ್ಯೋ..." ಹೊಲ ನಡುಗುವ ಹಾಗೆ ಕೂಗುವ ಮಾತನ್ನು ಕಳ್ಳರ ಹಾಗೆ ಪಿಸುಗುಟ್ಟಿದ್ದನ್ನು ಅವತ್ತೇ ಮೊದಲು ಕೇಳಿದ್ದು. ನಗು ತಡೆಯಲಾಗದೆ ಸೆರಗು ಕಚ್ಚಿದೆ.

ಇಳಿದು ಬಂದ ಹೆಂಡತಿ ಹಿಡಿ ಮುರಿದ ನನ್ನ ಮಗ್ಗಿಗೆ ಎತ್ತರದಿಂದ ಒಂದು ಕಡುಬು ಬಿಟ್ಟರು. ಅವ್ವನ ಸೆರಗಿಗೆ ಬಿಟ್ಟ ಹಾಗೆಯೇ. ತಿನ್ನಲಿಲ್ಲ. ತೊಟ್ಟಿಗೆ ಹಾಕಿದೆ.

"ಪಾಂಡವರನ್ನ, ತಂಬಿಗಿನ ಮುಟ್ಟಬ್ಯಾಡ. ಸುಗ್ಗಿ ಆಗೂತನಕ ಅಲ್ಲೇ ಇರಲಿ," ಎಂದರು ಸುಶೀಲಾಬಾಯಿ. "ಚೆಲ್ಲಿದ್ದನ್ನ ಬಳೀಬ್ಯಾಡ. ಅದು ಬೆಳಿ ಪಾಲು."

"ಮುಚ್ಚಿದ ಖೋಲಿ ಅವ್ವಾರ. ಹೊಲಸ ನಾರತೈತಿ."

"ಪೂಜಿದು ನಾರತೈತೇನ? ನಾಲಿಗಿ ಬಿಗಿಹಿಡಿ."

ಹೊಲವಾದರೆ ಹಕ್ಕಿ ತಿನ್ನುತ್ತದೆ, ಇರುವೆ ಒಯ್ಯುತ್ತದೆ, ಬಿಸಿಲು ಒಣಗಿಸುತ್ತದೆ. ಹೇಸ್‌ನ ಬೆಡ್‌ರೂಮಿಗೆ ಯಾವ ಹಕ್ಕಿ ಬರಬೇಕು? ಹೊರಗೆ ಮಳೆ ಹಿಡಿದರೆ ಬಿಡುವುದಿಲ್ಲ, ಒಳಗೆ ಗೋಡೆ ಒಣಗುವುದಿಲ್ಲ. ಕಡುಬಿಗೆ ಬಿಳಿ ಗಡ್ಡ ಬಂತು. ಆಮೇಲೆ ಹೂವಿಗೆ ಬೂದಿ ಬಣ್ಣದ ಬೂಷ್ಟು ಬಂತು. ಕೈಯಿಟ್ಟರೆ ಹೂವು ಬೆರಳಲ್ಲಿ ಕುಸಿಯುತ್ತಿತ್ತು. ನೇರಳೆಯ ವಾಸನೆಯೊಳಗೆ ತೊಯ್ದ ಗೋಣಿಚೀಲದ ವಾಸನೆ ಸೇರಿತು. ಚರಗದಿಂದ ಬಂತೋ, ಈ ದೇಶದ ಹಸಿಯಿಂದಲೇ ಬಂತೋ, ನನಗೆ ಗೊತ್ತಿಲ್ಲ. ಧಣಿಯವರಿಗೆ ಗೊತ್ತಿತ್ತು.

"ತಂಬಿಗಿ ಮುಟ್ಟಿದ್ಯೇನು?"

"ಇಲ್ರಿ ಧಣೇರ."

"ಖರೇ ಹೇಳು. ನೀ ಮುಟ್ಟದ ಹ್ಯಾಂಗ ಕೆಡತೈತಿ?"

"ಮುಟ್ಟಿಲ್ರಿ."

ನೀರಿನ ಪೈಪು ತುಂಡು ಅಲ್ಲೇ ಬಿದ್ದಿತ್ತು. ಅದರಿಂದ ಕಿವಿಯ ಮೇಲೆ ಬಾರಿಸಿದರು. ಕೈಯಿಂದ ಹೊಡೆಯಲಿಲ್ಲ. ಹೊಡೆಯಲು ಸಹ ನನ್ನನ್ನು ಮುಟ್ಟುವಂತಿಲ್ಲ. ಕಿವಿ ಗುಂಯ್ ಎಂದಿತು. ಕೊಳೆತ ಹೂವನ್ನೆಲ್ಲ ಬಿಡಿಸೆಂದರು. ಬಿಡಿಸಿದೆ. ಬೂದಿ ಎದ್ದು ಮೂಗಿಗೆ, ಗಂಟಲಿಗೆ ಹೋಯಿತು. ಆ ವಾರದಿಂದ ಕೆಮ್ಮು ನಿಲ್ಲಲಿಲ್ಲ. ಅಷ್ಟಾದರೂ ಬಾಯಿ ಬಿಡಲಿಲ್ಲ ನಾನು. ಯಾಕೆ? ಮಗಳು ಅವರ ಅಣ್ಣನ ಮನೆಯಲ್ಲಿದ್ದಳು. ಅದಕ್ಕೆ.

ಜನವರಿಯ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಅವ್ವಾ, ನಾ ಸಂಘಮಿತ್ರಾ."

"ಯಾರ ಫೋನವಾ ಇದು?"

"ಹಾಸ್ಟೆಲ್ ಗೆಳತೀದು. ಅವ್ವಾ, ನಾ ಗೌಡ್ರ ಮನಿ ಬಿಟ್ಟ ಬಂದೀನಿ. ಎಳ್ಳಮಾಸಿ ದಿನಾನ ಬಿಟ್ಟೆ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಎತ್ತಿನ ಮೇವಿನ ಹೊರಿ ಹೊರಿಸ್ಕೊಂಡ ಹೊಲಕ್ಕ ಕರಕೊಂಡ ಹೋದ್ರು ಅವ್ವಾ. ಬದುವಿನ ತನಕ ಹೊತ್ತ ಹೋದೆ. ಅಲ್ಲೇ ನಿಂದ್ರು, ಒಳಗ ಬರಬ್ಯಾಡ ಅಂದ್ರು. ಹೊರಿ ಅಲ್ಲೇ ಒಗದೆ. ನಿಂದ್ರಲಿಲ್ಲ. ತಿರುಗಿ ನೋಡದ ಬಸ್ ಸ್ಟ್ಯಾಂಡಿಗೆ ನಡಕೋತ ಬಂದೆ. ಈಗ ವಿಜಾಪುರದಾಗ ಹಾಸ್ಟೆಲಿನ್ಯಾಗ ಅದೀನಿ. ವಾರ್ಡನ್ ಬಾಯಾರು ಚಲೋ ಅದಾರ."

"ಇಷ್ಟ ದಿನ ಯಾಕ ಹೇಳಲಿಲ್ಲೇ?"

"ನನ್ನ ಫೋನ್ ಅವರ ಕಡೇನ ಉಳೀತು. ನಿನ್ನ ಜೋಡಿ ಆಸ್ಪತ್ರ್ಯಾಗ ಇದ್ದಾಕಿನ್ನ ಹುಡುಕಿ ನಂಬರ್ ಇಸಕೊಂಡೆ." ಅವಳೇ ಕೇಳಿದಳು, "ಅವರು ನಿಂಗ ಹೇಳಲಿಲ್ಲೇನು?"

ಹೇಳಿರಲಿಲ್ಲ. ಅವಳ ಫೋನು ಹತ್ತುವುದಿಲ್ಲವೆಂದು ಕೇಳಿದಾಗಲೆಲ್ಲ, "ನಿನ್ನ ಮಗಳು ನಮ್ಮ ಅಣ್ಣನ ಮನ್ಯಾಗ ಅರಾಮ ಅದಾಳ, ನೀ ಕೆಲಸ ನೋಡು" ಎನ್ನುತ್ತಿದ್ದರು. ಹಾರಿ ಹೋದ ಹಕ್ಕಿಯ ಪಂಜರ ತೋರಿಸಿ ನನ್ನನ್ನು ಕಟ್ಟಿಹಾಕಿದ್ದರು.

"ಅಂಜಬ್ಯಾಡ ಅವ್ವಾ," ಎಂದಳು. "ನಿನಗ ಹ್ಯಾಂಗ ಬೇಕೋ ಹಂಗ ಮಾಡು. ನನ್ನ ಚಿಂತಿ ಬಿಡು."

ಹದಿನೇಳರ ಹುಡುಗಿ. ನಾನು ನಿಂತಲ್ಲೇ ನಿಂತಿದ್ದೆ, ಅವಳು ನಡೆದುಬಿಟ್ಟಿದ್ದಳು. ಅತ್ತೆ. ಅತ್ತು ಎದ್ದೆ. ಅಲ್ಲಿಯವರೆಗೆ ಧಣಿಯವರು, ಸುಶೀಲಾಬಾಯಿಯವರು, ಅಂದರು, ಬಂದರು ಎಂದು ಬಹುವಚನ ಕೊಟ್ಟೆನಲ್ಲ. ಅವತ್ತಿಗೆ ಮನಸ್ಸಿನೊಳಗೆ ಅದು ಮುಗಿಯಿತು. ಈ ಕಥೆಯಲ್ಲೂ ಇಲ್ಲಿಗೇ ಮುಗಿಯಿತು.

ರೊಟ್ಟಿ ಮಗುಚುವ ಸಟ್ಟುಗ ತೆಗೆದುಕೊಂಡು ಗಿಡದ ಕೋಣೆಗೆ ಹೋಗಿ ಹಿಂದಿನ ಕಿಟಕಿಯ ಕರೀ ಹಾಳೆ ಸೀಳಿದೆ. ಮೊಳೆ ಮೀಟಿದೆ. ಕಿಟಕಿ ತೆರೆದೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ನೇರಳೆ ವಾಸನೆ ಹೊರಗೆ ಹೋಯಿತು, ಹೋಗಲಿ ಎಂದೇ ಬಿಟ್ಟೆ.

ಪಕ್ಕದ ಮನೆಯ ಹಿತ್ತಲಲ್ಲಿ ಒಬ್ಬ ಪಂಜಾಬಿ ಮುದುಕಿ ಬಟ್ಟೆ ಒಳಗೆ ಒಯ್ಯುತ್ತಿದ್ದಳು. ಮಿಸೆಸ್ ಗಿಲ್. ತಲೆಯೆತ್ತಿ ನೋಡಿ ಬೆಚ್ಚಿದಳು. ಆ ಮನೆಯಲ್ಲಿ ಮನುಷ್ಯರಿದ್ದಾರೆಂದು ಆಕೆಗೆ ಗೊತ್ತೇ ಇರಲಿಲ್ಲ. ಹಿಂದಿಯಲ್ಲಿ ಮಾತಾಡಿದೆವು. ನಿಮ್ಮ ಕಡೆಯಿಂದ ನನ್ನ ಗೋಡೆಯೆಲ್ಲ ಒದ್ದೆಯಾಗಿ ಕರ್ರಗಾಗಿದೆ, ಮಂಗಳವಾರ ಕೌನ್ಸಿಲ್ಲಿನವರು ನೋಡಲು ಬರುತ್ತಾರೆ ಎಂದಳು. ಈ ಮನೆಯನ್ನೂ ನೋಡಲು ಹೇಳು, ಪೊಲೀಸರನ್ನೂ ಕರೆತರಲು ಹೇಳು ಎಂದೆ. ಮುದುಕಿ ಗಾಳಿ ಮೂಸಿದಳು. ಅವಳಿಗೆ ತಿಳಿಯಿತು.

"ಮಗಳೇ, ನಿನ್ನನ್ನೂ ಹಿಡಿಯುತ್ತಾರೆ."

"ಹಿಡಿಯಲಿ. ಹಿಡಿಯುವುದಕ್ಕಾದರೂ ಯಾರಾದರೂ ಒಳಗೆ ಬರಲಿ."

ಗೋಡೆ ನೋಡಲು ಬರುತ್ತೇವೆಂದು ಕೌನ್ಸಿಲ್ಲು ಮನೆಯ ಮಾಲೀಕನಿಗೂ ಮೆಸೇಜು ಕಳಿಸಿತ್ತು. ಮಹಾಲಿಂಗಪ್ಪ ಅದನ್ನು ತೆರೆದು ನೋಡಿದ್ದು ಮಂಗಳವಾರ ಬೆಳಿಗ್ಗೆಯೇ. ಗಂಡ ಹೆಂಡತಿ ಇಬ್ಬರೂ ಓಡಿ ಬಂದರು. ಅವನ ಮುಖ ಬಿಳಚಿಕೊಂಡಿತ್ತು, ಮಾತು ಮಾತ್ರ ಬೆಣ್ಣೆ.

"ನೋಡು ನಾಗವ್ವ. ಗ್ವಾಡಿ ಅಷ್ಟ ನೋಡಿ ಹೋದ್ರ ಹೋದ್ರು. ಮ್ಯಾಲ ಹತ್ತಿದ್ರ, ಗಿಡಾ ನಂದು ಅನ್ನು. ಮನಿ ನಿನಗ ಬಾಡಿಗಿ ಕೊಟ್ಟೀನಿ ಅಂತ ನಾ ಹೇಳ್ತೀನಿ. ಒಂದ ಶಬ್ದ. ನಂದು. ಇಂಗ್ಲಿಷಿನ್ಯಾಗ ಕೇಳಿದ್ರ, ಇಟ್ಸ್ ಮೈನ್. ಅನ್ನು ನೋಡೂಣು."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ಇಲ್ಲಿ ಜೈಲು ಅಂದ್ರ ಊರಿನ ಜೈಲ್ ಅಲ್ಲ. ಬೆಚ್ಚಗ ಇರತೈತಿ. ಆಮ್ಯಾಲ ಸರಕಾರನ ವಿಮಾನ ಹತ್ತಿಸಿ ಊರಿಗೆ ಕಳಸತೈತಿ. ನಿನ್ನ ಮಗಳು ನಮ್ಮ ಜವಾಬ್ದಾರಿ. ನೆಪ್ಪಿರಲಿ, ಅಕಿ ನಮ್ಮನ್ಯಾಗ ಅದಾಳ."

"ಹೌದ್ರಿ?" ಎಂದೆ. "ಅರಾಮ ಅದಾಳೇನ್ರಿ?"

"ಅರಾಮ ಅಂದ್ರ! ಈಗಷ್ಟ ಅಣ್ಣನ ಜೋಡಿ ಮಾತಾಡಿದ್ನಿ."

"ಉಂಡಾಳೇನ್ರಿ?"

"ಉಂಡಾಳ. ಹೋಳಿಗಿ ಮಾಡಿದ್ರಂತ, ಎರಡ ತಿಂದ್ಲಂತ."

ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ರೆಪ್ಪೆ ಸಹ ಬಡಿಯಲಿಲ್ಲ. ಇವನಪ್ಪನೂ ಹೀಗೆಯೇ ಚಿಗಪ್ಪನ ಕಣ್ಣಲ್ಲಿ ಕಣ್ಣಿಟ್ಟಿರಬೇಕು. ನಾನು ಬಾಯಿ ಬಿಡುವಷ್ಟರಲ್ಲಿ ಸುಶೀಲಾಬಾಯಿ ಎದೆ ಬಡಿದುಕೊಂಡಳು.

"ಅಯ್ಯ ಶಿವನ! ರೀ, ತಂಬಿಗಿ! ಮ್ಯಾಲ ಐತಿ, ಅದರ ಮ್ಯಾಲ ನನ್ನ ಹೆಸರೈತಿ!"

"ಏ ನಾಗಿ, ಓಡು," ಎಂದ ಮಹಾಲಿಂಗಪ್ಪ. ಅರೆಗಳಿಗೆಯಲ್ಲಿ ನಾಗವ್ವ ನಾಗಿಯಾದಳು. "ತಂಬಿಗಿ ತೊಗೊಂಡ ಬಾ. ಪಾಂಡವರನ್ನ ಕವರಿಗೆ ಹಾಕು. ಲಗೂನ!"

ನಾನು ಅಲುಗಲಿಲ್ಲ.

"ಕಿವಿ ಕೇಳಸಂಗಿಲ್ಲೇನು?"

"ಒಂದ ಕಿವಿ ಕೇಳಸಂಗಿಲ್ಲ. ನೀವ ಬಾರಿಸಿದ್ರಿ. ಇನ್ನೊಂದು ಕೇಳಸತೈತಿ. ತಂಬಿಗಿ ಮುಟ್ಟಬ್ಯಾಡ ಅಂದಿದ್ರಿ."

"ಈಗ ಮುಟ್ಟು ಅಂತೀನಿ."

"ನಾ ಮುಟ್ಟಿದ್ರ ಮೈಲಿಗಿ ಆಕ್ಕೈತಿ."

"ಆಗಂಗಿಲ್ಲ, ಹೋಗೇ!" ಎಂದಳು ಸುಶೀಲಾಬಾಯಿ.

"ಯಾವಾಗಿಂದ ಆಗಂಗಿಲ್ಲ ಅವ್ವಾರ? ನಿಮ್ಮ ಮೈಲಿಗಿ ಪೊಲೀಸರ ಗಾಡಿ ಕಂಡ್ರ ಓಡಿ ಹೊಕ್ಕೈತೇನು?"

ಅವನು ಕೈ ಎತ್ತಿದ. ಕೈ ಅಲ್ಲೇ ನಿಂತಿತು. ಸುತ್ತ ನೋಡಿದ. ಪೈಪು ಹುಡುಕುತ್ತಿದ್ದ, ನನಗೆ ಗೊತ್ತು.

"ಹೊಡೀರಿ," ಎಂದೆ. "ಪೈಪ್ ಬ್ಯಾಡ. ಕೈಲೆ ಹೊಡೀರಿ. ಧೈರ್ಯ ಐತೇನು?"

ಬಾಗಿಲು ಬಡಿದರು. ಒಂದು ಸಲ, ಇನ್ನೊಂದು ಸಲ. ಮಹಾಲಿಂಗಪ್ಪ ಕರವಸ್ತ್ರ ಮೂಗಿಗೆ ಹಿಡಿದು ತಾನೇ ಮೆಟ್ಟಿಲು ಹಾರಿದ. "ಬಾಗಿಲಾ ತಗೀಬ್ಯಾಡ" ಎಂದು ಸುಶೀಲಾಬಾಯಿ ಅಡ್ಡ ಬಂದಳು. ಆದರೆ ನನ್ನನ್ನು ಹಿಡಿದು ನಿಲ್ಲಿಸಬೇಕೆಂದರೆ ಮುಟ್ಟಬೇಕಲ್ಲ. ಮುಟ್ಟಲಿಲ್ಲ. ನಾನು ನೇರ ನಡೆದೆ, ಅವಳೇ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಬಾಗಿಲು ತೆರೆದೆ.

ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಕೌನ್ಸಿಲ್ಲಿನ ಹೆಂಗಸು. ಅವಳ ಹಿಂದೆ ಇಬ್ಬರು ಪೊಲೀಸರು, ಒಬ್ಬಳು ಹೆಣ್ಣು, ಒಬ್ಬ ಗಂಡು. ಅವರ ಹಿಂದೆ ಶಾಲು ಹೊದ್ದ ಮಿಸೆಸ್ ಗಿಲ್. ಅವರೆಲ್ಲ ಒಳಗೆ ಕಾಲಿಡುವುದಕ್ಕೂ ಮಹಾಲಿಂಗಪ್ಪ ತಂಬಿಗೆ ಹಿಡಿದು ಮೆಟ್ಟಿಲು ಇಳಿಯುವುದಕ್ಕೂ ಸರಿಹೋಯಿತು. ಬಗಲಲ್ಲಿ ಇಬ್ಬರು ಪಾಂಡವರು. ಉಳಿದ ಮೂವರು ಮೇಲೆಯೇ ಬಿದ್ದಿದ್ದರು.

ಪೊಲೀಸಿನವಳು ಮೇಲೆ ಹೋಗಿ ನೋಡಿ ಇಳಿದು ಬಂದಳು. ಮೂಗು ಒರೆಸಿಕೊಂಡಳು.

"ಗಿಡ ಯಾರವು?" ಇಂಗ್ಲಿಷಿನಲ್ಲಿ ಕೇಳಿದಳು.

"ನಾನು ಮನೆ ಮಾಲೀಕ ಅಷ್ಟೇ," ಎಂದು ಮಹಾಲಿಂಗಪ್ಪ ಇಂಗ್ಲಿಷಿನಲ್ಲಿ ಶುರುಮಾಡಿದ. "ಇವಳಿಗೆ ಬಾಡಿಗೆ ಕೊಟ್ಟಿದ್ದೆ. ನೋಡಿ ನನಗೂ ಆಘಾತವಾಗಿದೆ." ನನ್ನ ಕಡೆ ತಿರುಗಿ, ನಗುಮುಖ ಮಾಡಿಕೊಂಡೇ, ಕನ್ನಡದಲ್ಲಿ ಅಂದ: "ನಂದು ಅನ್ನು. ಮಗಳ ನೆಪ್ಪಿರಲಿ."

ನಾನು ಪೊಲೀಸಿನವಳನ್ನು ನೋಡಿ ಹೇಳಿದೆ. ನನ್ನ ಇಂಗ್ಲಿಷು ದೊಡ್ಡದಲ್ಲ, ಸಾಕಷ್ಟಿತ್ತು.

"ಗಿಡ ನಂದಲ್ಲ. ನಾನು ನೀರು ಹಾಕಿದವಳು. ಅವನ ಕೈಯಲ್ಲಿರುವುದು ಬೆಳೆ ಪೂಜೆಯ ತಂಬಿಗೆ. ನಮ್ಮ ಕಡೆ ಹೊಲದ ಒಡೆಯರು ಮಾತ್ರ ಆ ಪೂಜೆ ಮಾಡುತ್ತಾರೆ. ತಂಬಿಗೆ ಯಾರದೋ ಗಿಡ ಅವರದು."

"ಸುಳ್ಳು," ಎಂದ ಮಹಾಲಿಂಗಪ್ಪ. ಅವನ ಹಣೆಯಲ್ಲಿ ಬೆವರು. "ಇದೂ ಅವಳದೇ. ಮೇಲೆ ಬಿದ್ದಿತ್ತು, ನೋಡಲು ತಂದೆ. ಈ ತಂಬಿಗೆ ಇವಳದು."

ಅಲ್ಲಿಗೆ ನನಗೆ ತಿಳಿಯಿತು ಏನು ಮಾಡಬೇಕೆಂದು. ಗಂಡನಿಗೆ ಭಯ ದೊಡ್ಡದು. ಹೆಂಡತಿಗೆ ಯಾವುದು ದೊಡ್ಡದೆಂದು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ.

"ಹಂಗಾ?" ಎಂದೆ ಕನ್ನಡದಲ್ಲಿ. "ತಂಬಿಗಿ ನಂದ? ಹಂಗಾರ ಕೊಡ್ರಿ ಇಲ್ಲೆ. ಗಂಟಲಾ ಒಣಗೇತಿ. ಬಾಯಿ ಹಚ್ಚಿ ನೀರ ಕುಡೀತೀನಿ."

ಕೈ ಚಾಚಿದೆ. ಅಂಟು ಹತ್ತಿ ಕಪ್ಪಾದ, ಬೂಷ್ಟು ಮೆತ್ತಿದ, ಮಾದರ ಕೈ. ತಂಬಿಗೆಯ ಕೊರಳಿಗೆ ಒಂದು ಬೆರಳು ಅಂತರ ಇತ್ತು.

"ಮುಟ್ಟಬ್ಯಾಡ!" ಸುಶೀಲಾಬಾಯಿ ಕಿರುಚಿದಳು. ಗಂಡನ ಕೈಯಿಂದ ತಂಬಿಗೆ ಕಸಿದು ಎದೆಗೆ ಅವಚಿಕೊಂಡಳು. "ಅಕಿದಂತ! ನಿಮಗೇನ ತಲಿಗಿಲಿ ಕೆಟ್ಟೈತೇನ್ರಿ? ನಮ್ಮವ್ವ ಕೊಟ್ಟದ್ದು! ನಂದು ಇದು, ನಂದು!" ಅಷ್ಟಕ್ಕೇ ನಿಲ್ಲಲಿಲ್ಲ. ಪೊಲೀಸರಿಗೆ ಎಲ್ಲಿ ತಿಳಿಯದೆ ಹೋಗುತ್ತದೋ ಎಂದು ಅವರತ್ತ ತಿರುಗಿ, ಕೊರೆದ ಅಕ್ಷರದ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲೂ ಹೇಳಿದಳು. "ಇಟ್ಸ್ ಮೈನ್! ಲುಕ್, ಮೈ ನೇಮ್!"

ಮಹಾಲಿಂಗಪ್ಪ ಕಣ್ಣು ಮುಚ್ಚಿಕೊಂಡ.

ಒಂದು ವಿಮಾನ ಮನೆಯನ್ನು ನಡುಗಿಸಿಕೊಂಡು ಹೋಯಿತು. ಸುಶೀಲಾಬಾಯಿಗೆ ತಾನೇನು ಅಂದೆನೆಂದು ತಿಳಿಯುವಷ್ಟರಲ್ಲಿ ಪೊಲೀಸಿನವಳು ಕೈಗವಸು ಹಾಕಿಕೊಂಡು ತಂಬಿಗೆ ಇಸಿದುಕೊಂಡಾಗಿತ್ತು. ನನ್ನ ಬೆರಳಿನ ಗುರುತು ಆ ಮನೆಯ ಬಕೀಟು, ಬಾಗಿಲು, ಎಲೆ ಎಲೆಯ ಮೇಲೂ ಇತ್ತು. ತಂಬಿಗೆಯ ಮೇಲೆ ಒಂದೂ ಇರಲಿಲ್ಲ. ಅವರೇ ಮುಟ್ಟಗೊಡಲಿಲ್ಲ.

ಕೈಕೋಳ ನನಗೂ ಹಾಕಿದರು. ಮೊದಲು ನನಗೇ ಹಾಕಿದರು. ಹಾಕಿಸಿಕೊಂಡೆ. ಚಿಗಪ್ಪನಿಗೂ ಹಾಕಿದ್ದರು. ಆದರೆ ನಾನು ಆ ಶಬ್ದ ಆಡಿ ಹಾಕಿಸಿಕೊಂಡಿರಲಿಲ್ಲ. ಅದು ಯಾರ ಬಾಯಿಂದ ಬರಬೇಕಾಗಿತ್ತೋ ಅವರ ಬಾಯಿಂದಲೇ ಬಂದಿತ್ತು.

ಹೊಸ್ತಿಲ ಹತ್ತಿರ ಪೊಲೀಸಿನವಳು ನಿಂತು ಕೇಳಿದಳು. ನಿನ್ನದು ಏನಾದರೂ ತೆಗೆದುಕೊಳ್ಳುವುದಿದೆಯಾ?

"ಇದೆ," ಎಂದೆ. "ಪಾಸ್‌ಪೋರ್ಟು. ಅದು ನಂದು. ರೇನರ್ಸ್ ಲೇನ್‌ನಲ್ಲಿ ಇವರ ಕಪಾಟಿನಲ್ಲಿದೆ. ನಡೀರಿ, ಮನೆ ತೋರಿಸ್ತೀನಿ."